ಆ ರಿಪೋರ್ಟ್ ನಿನ್ನದಲ್ಲ, ಲತಾ

ಲತಾ, ನಿನ್ನ ಹೆಸರಿನಲ್ಲಿ ಪರೀಕ್ಷೆಗೆ ಹೋದ ಮಲ ನಿನ್ನದಲ್ಲ, ನನ್ನದು. ಇಷ್ಟು ಹೇಳಲು ನಿನ್ನ ಅತ್ತಿಗೆಗೆ ನಾಲ್ಕು ವರ್ಷ ಬೇಕಾಯಿತು.

ಗಂಡ ತೀರಿಕೊಂಡ ಮೇಲೆ ನೀನು ಮಗಳನ್ನು ಕರೆದುಕೊಂಡು ಭರಮಸಾಗರಕ್ಕೆ, ನಮ್ಮ ಮನೆಗೆ ಬಂದಿದ್ದೆ. ಹೊಟ್ಟೆನೋವು, ರಕ್ತಭೇದಿ — ಸೊರಗಿ ಕಡ್ಡಿಯಾಗಿದ್ದೆ. ಚಿತ್ರದುರ್ಗದ ಡಾಕ್ಟರು ಒಂದು ಪುಟ್ಟ ಡಬ್ಬಿ ಕೊಟ್ಟರು. "ಕರುಳು ಊದ್ಕಂಡಿದ್ರೆ ಒಂಥರಾ ಪ್ರೋಟೀನು ಮಲದಾಗೆ ಸೇರ್ಕಂಡಿರ್ತೈತೆ. ಲ್ಯಾಬಲ್ಲಿ ಅಣುಮಟ್ಟದಾಗೆ ಅದನ್ನ ಹುಡುಕ್ತಾರೆ. ಜಾಸ್ತಿ ಇದ್ರೆ ಪೈಪ್ ಹಾಕಿ ಕರುಳೊಳಗೆ ನೋಡಾಣ" ಅಂದರು. ನಾನು ಮೀಟಿಂಗಿಗೆಂದು ದುರ್ಗಕ್ಕೆ ಹೊರಟ ದಿನ ನೀನು ಡಬ್ಬಿಯನ್ನು ಮೂರು ಕವರಿನಲ್ಲಿ ಸುತ್ತಿ ಕೊಟ್ಟೆ. "ನಂಗೆ ನಾಚ್ಕೆ ಆಗ್ತೈತೆ ಅತ್ಗೆ, ನೀವೇ ಕೊಟ್ಟು ಬರ್ರಿ."

ಬಸ್ಸಿನಲ್ಲಿ ಪಕ್ಕಕ್ಕೆ ನಮ್ಮ ಶಾಲೆಯ ಹೆಡ್‌ಮಿಸ್ಸು ಬಂದು ಕುಳಿತರು. ಸ್ವಲ್ಪ ಹೊತ್ತಿಗೆ ಮೂಗಿಗೆ ಸೆರಗು ಹಿಡಿದರು. "ಏನೋ ವಾಸ್ನೆ ಬರ್ತೈತಲ್ಲ ಟೀಚರ್?" ಅದು ಡಬ್ಬಿಯದೋ, ಬಸ್ಸಿನದೋ — ಇವತ್ತಿಗೂ ಗೊತ್ತಿಲ್ಲ. ನನಗಂತೂ ಜೀವವೇ ಹೋದಂತಾಯಿತು. ಊರಿಗೆಲ್ಲ ಬುದ್ಧಿ ಹೇಳುವ ಟೀಚರ್, ಬ್ಯಾಗಿನಲ್ಲಿ ನಾದಿನಿಯ ಹೇಲು... ಥೂ! ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಅದನ್ನು ಕಸದ ಬುಟ್ಟಿಗೆ ಎಸೆದೆ.

ಬರಿಗೈಲಿ ವಾಪಸ್ ಬಂದರೆ ನಿಮ್ಮಣ್ಣ ಬಿಡುತ್ತಿದ್ದರೇ? ಲ್ಯಾಬಿನಲ್ಲಿ ಇನ್ನೊಂದು ಡಬ್ಬಿ ಕೇಳಿ ಪಡೆದೆ, ಅಲ್ಲಿಯ ಬಾತ್‌ರೂಮಿಗೇ ಹೋದೆ. ಮೇಲೆ ನಿನ್ನ ಹೆಸರು ಬರೆದೆ — ದುಂಡಗೆ, ಬೋರ್ಡಿನ ಮೇಲೆ ಬರೆಯುವ ಹಾಗೆ. ಹೊಟ್ಟೆನೋವು ತಾನೇ, ಇವತ್ತಲ್ಲ ನಾಳೆ ಹೋಗುತ್ತದೆ ಅಂದುಕೊಂಡಿದ್ದೆ.

ರಿಪೋರ್ಟ್ ನಾರ್ಮಲ್ ಬಂತು. ಕರುಳಿನಲ್ಲಿ ಏನೂ ಇಲ್ಲ, ಟೆನ್ಷನ್ ಕಮ್ಮಿ ಮಾಡ್ಕಳ್ರಿ ಎಂದು ಡಾಕ್ಟರು ಮಾತ್ರೆ ಬರೆದರು. ಪೈಪು ಹಾಕಲೇ ಇಲ್ಲ. ಮನೆಯಲ್ಲಿ ಎಲ್ಲರೂ ನಿನ್ನದು ನಾಟಕ ಅಂದರು. ನೀನು ಮತ್ತೆ ರಕ್ತ ಹೋಯಿತೆಂದು ಅತ್ತ ದಿನ, ಎಲ್ಲ ಗೊತ್ತಿದ್ದ ನಾನೇ ಅಂದೆನಲ್ಲ — "ರಿಪೋರ್ಟೇ ನಾರ್ಮಲ್ ಐತೆ. ಇನ್ನೇನೇ ನಿಂದು ಗೋಳು?" ಆ ನಾಲಿಗೆ ಸೇದಿ ಹೋಗಬಾರದಿತ್ತೇ!

ಎಂಟು ತಿಂಗಳ ಮೇಲೆ ನೀನು ಬಚ್ಚಲಲ್ಲಿ ಕುಸಿದು ಬಿದ್ದೆ. ದಾವಣಗೆರೆಯಲ್ಲಿ ದೊಡ್ಡ ಕರುಳನ್ನೇ ತೆಗೆದು, ಮಲ ಹೋಗಲು ಹೊಟ್ಟೆಗೆ ಚೀಲ ಹಾಕಿದರು. ಹಳೆಯ ರಿಪೋರ್ಟ್ ನೋಡಿ ಅಲ್ಲಿಯ ಡಾಕ್ಟರು, ಟೆಸ್ಟು ಒಮ್ಮೊಮ್ಮೆ ತಪ್ಪುತ್ತದೆ ಅಂದರು. ನಾನು ಬಾಯಿ ಬಿಡಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಾನು ಮಾಡಿದ್ದನ್ನು ನೀನು ಉಂಡೆ, ಲತಾ. ಈಗ ಆ ಚೀಲ ಬದಲಿಸುವವಳು ನಾನೇ. ಓಣಿಯವರು ಅತ್ತಿಗೆ ಅಂದರೆ ಹೀಗಿರಬೇಕು ಅನ್ನುತ್ತಾರೆ, ನೀನೂ ಅನ್ನುತ್ತೀಯ — ಅದನ್ನು ಕೇಳಿದಾಗೆಲ್ಲ ಭೂಮಿ ಬಾಯ್ಬಿಟ್ಟರೆ ಸಾಕು ಅನಿಸುತ್ತದೆ.

ಇದನ್ನು ಸಾಯುವವರೆಗೂ ಮುಚ್ಚಿಡುತ್ತಿದ್ದೆನೇನೋ. ಆದರೆ ಈಗ ನಿನ್ನ ಮಗಳಿಗೂ ರಕ್ತ ಹೋಗುತ್ತಿದೆ. ಈ ಕಾಯಿಲೆ ತಾಯಿಗಿದ್ದರೆ ಮಕ್ಕಳಿಗೂ ಬರಬಹುದಂತೆ. ಡಾಕ್ಟರು ಅದೇ ಟೆಸ್ಟ್ ಬರೆದರೆ ನೀನು ಚೀಟಿ ಹರಿದು ಹಾಕಿದೆ — "ನನ್ನನ್ನ ನಾಟ್ಕದೋಳು ಅನ್ನಿಸಿದ ಟೆಸ್ಟು ಅದು, ನನ್ನ ಮಗಳಿಗೆ ಬ್ಯಾಡ."

ಆ ಟೆಸ್ಟ್ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವಳು ನಾನು. ನಿಮ್ಮಣ್ಣನಿಗೂ ಇವತ್ತೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನನ್ನನ್ನು ಬಯ್ಯಿ, ಮಾತು ಬಿಡು, ಇನ್ನು ಮೈ ಮುಟ್ಟಬೇಡ ಅನ್ನು — ಅದೆಲ್ಲ ಆಮೇಲೆ. ನಾಳೆ ಬೆಳಿಗ್ಗೆ ಮಗಳನ್ನು ಕರೆದುಕೊಂಡು ದುರ್ಗಕ್ಕೆ ಹೋಗು.