ಜೀನ್ಸ್ ಪುಸ್ತಕದ ಪರಿವಿಡಿ

ನನ್ನ ಗಂಡನ ಅಕ್ಕ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದವರು. ಹೊಲಿಯುವ ಹೆಂಗಸರು ಈ ಊರಿನ ತುಂಬ ಇದ್ದಾರೆ, ಕತ್ತರಿಸುವ ಮೇಜಿನ ಮುಂದೆ ನಿಲ್ಲುವವರು ಬೆರಳೆಣಿಕೆ. ಹೋದ ವರ್ಷ ಹೆಂಗಸರಿಗೆ ಕಟಿಂಗ್ ಕಲಿಸುವ ಕೇಂದ್ರವೊಂದು ಶುರುವಾದಾಗ ಅಕ್ಕ ಕಲಿಸುವ ಕೆಲಸ ಕೇಳಲು ಹೋದರು. ಸರ್ಟಿಫಿಕೇಟು ಇರಲಿಲ್ಲ. ಅಲ್ಲಿನ ಮೇಡಂ ಒಂದು ಮಾತು ಹೇಳಿ ಕಳಿಸಿದರಂತೆ: ನಿಮಗೆ ಬರುವುದನ್ನೆಲ್ಲ ಪುಸ್ತಕ ಮಾಡಿ ಸೋಮವಾರ ತನ್ನಿ, ನಾನು ಕೇಳಿದ್ದು ಅದರಲ್ಲಿ ಕೂಡಲೇ ಸಿಗಬೇಕು, ಇಲ್ಲದಿದ್ದರೆ ಅನಂತಪುರದಿಂದ ಬೇರೆಯವರನ್ನು ಕರೆಸುತ್ತೇನೆ.

ಟೈಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಡಕಶಿರಾ ಕಡೆಯಿಂದ ಈ ಮನೆಗೆ ಬಂದವಳು ನಾನು. ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕೂತು ಹನ್ನೆರಡು ವರ್ಷದಿಂದ ತೆಲುಗು, ಕನ್ನಡ ಎರಡರಲ್ಲೂ ಅರ್ಜಿ ಟೈಪು ಮಾಡುತ್ತಿದ್ದೇನೆ. ಅಕ್ಕನ ನೋಟುಬುಕ್ಕಿನಿಂದ ಹದಿನಾಲ್ಕು ಪಾಠ ಇಳಿಸಿದೆ. ಮೊದಲ ಹಾಳೆಯಲ್ಲಿ ಪರಿವಿಡಿ: ಪಾಠದ ಹೆಸರು, ಚುಕ್ಕಿಗಳ ಸಾಲು, ಕೊನೆಗೆ ಪುಟ ಸಂಖ್ಯೆ. ಚುಕ್ಕಿಗಳನ್ನು ಒಂದೊಂದಾಗಿ ಒತ್ತಿ, ಎಣಿಸಿ, ಬಲಗಡೆ ನೇರವಾಗಿ ಕೂರಿಸಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಶನಿವಾರ ಮಧ್ಯಾಹ್ನ ಅಕ್ಕ ನೋಡಲು ಬಂದರು. ಮೂರನೇ ಪಾಠದಲ್ಲಿ ಬೆಲ್ಟ್ ಪಟ್ಟಿಯ ಬಗ್ಗೆ ನಾಲ್ಕು ಸಾಲು ಬಿಟ್ಟುಹೋಗಿದೆ ಎಂದರು. ಸೇರಿಸಿದೆ. ಅಲ್ಲಿಂದ ಮುಂದಿನ ಪಾಠಗಳೆಲ್ಲ ಕೆಳಕ್ಕೆ ಸರಿದು, ಪರಿವಿಡಿಯಲ್ಲಿ ಹತ್ತೊಂಬತ್ತು ಅಂತಿದ್ದ ಜಿಪ್ಪಿನ ಪಾಠ ಇಪ್ಪತ್ತನೇ ಪುಟಕ್ಕೆ ಹೋಯಿತು. ಸಂಖ್ಯೆಗಳನ್ನು ತಿದ್ದಿದೆ. ಅಷ್ಟರಲ್ಲಿ ಅಕ್ಕನಿಗೆ ಇನ್ನೊಂದು ನೆನಪಾಯಿತು. ಮತ್ತೆ ತಿದ್ದಿದೆ. ಮೂರನೇ ಸಲಕ್ಕೆ ಅವರು ಪಾಪ, ನೆನಪಾದದ್ದನ್ನೂ ಹೇಳದೆ ಸುಮ್ಮನೆ ಕೂತರು. ಅದರಿಂದ ನನಗೆ ಹೆಚ್ಚು ಬೇಸರವಾಯಿತು.

ಪರಿವಿಡಿಯನ್ನು ಕಂಪ್ಯೂಟರೇ ಮಾಡಿಕೊಡುತ್ತದೆ ಎಂದು ಥೀಸಿಸ್ ಪ್ರಿಂಟಿಗೆ ಬಂದಿದ್ದ ಲೆಕ್ಚರರೊಬ್ಬರು ಯಾವಾಗಲೋ ಹೇಳಿದ್ದು ನೆನಪಿತ್ತು. ಆ ಗುಂಡಿ ಹುಡುಕಿ ಒತ್ತಿದೆ. ಪಟ್ಟಿಗೆ ಹಾಕಲು ಏನೂ ಸಿಗಲಿಲ್ಲ ಎಂದು ಒಂದು ಸಾಲು ಬಂತು. ಹದಿನಾಲ್ಕು ಪಾಠದ ಹೆಸರು ದಪ್ಪಕ್ಷರದಲ್ಲಿ ಕಣ್ಣಿಗೆ ಹೊಡೆಯುವ ಹಾಗಿವೆ, ಏನೂ ಇಲ್ಲವಂತೆ.

"ಇಷ್ಟು ದಪ್ಪ ಬರ್ದಿದೀನಿ, ಇದ್ಕೆ ಕಾಣ್ಸಲ್ವಂತೆ ಕಣಕ್ಕ," ಎಂದೆ.

ಅಕ್ಕ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ನಾವು ನಲವತ್ತು ಪದರು ಒಮ್ಮೆಗೇ ಕತ್ತರಿಸ್ತೀವಿ. ಎಲ್ಲಾ ನೀಲೀನೇ ಕಾಣ್ತಾವ, ಆದ್ರ ಪದರು ಪದರಿಗೂ ಬಣ್ಣ ಒಂಚೂರು ಬ್ಯಾರೆ ಇರ್ತೈತಿ. ತುಂಡು ತುಂಡಿಗೂ ನಂಬರ್ ಚೀಟಿ ಅಂಟಿಸದಿದ್ರ ಯಾವ ಕಾಲು ಯಾವ ಪ್ಯಾಂಟಿಂದು ಅಂತ ಹೊಲಿಯೋರಿಗೆ ಹೆಂಗ ಗೊತ್ತಾಗಬೇಕು? ನೀ ಇದರಾಗ ಚೀಟಿ ಅಂಟಿಸೀಯೇನು?"

ಅಂಟಿಸಿರಲಿಲ್ಲ. ದಪ್ಪ ಮಾಡಿದ್ದೆ, ದೊಡ್ಡದು ಮಾಡಿದ್ದೆ, ಅಷ್ಟೆ. ಪರದೆಯ ಮೇಲ್ಭಾಗದಲ್ಲಿ ಹೆಡಿಂಗ್ ಎಂದು ಬರೆದ ಚೌಕಗಳ ಸಾಲು ಹನ್ನೆರಡು ವರ್ಷದಿಂದ ಕಣ್ಣೆದುರಿಗೇ ಇತ್ತು, ಅದು ಯಾತಕ್ಕೆಂದು ನಾನು ಕೇಳಿಕೊಂಡಿರಲಿಲ್ಲ. ಕಂಪ್ಯೂಟರಿನ ಮೌಸನ್ನೇ ಹಿಡಿಯದ ಹೆಂಗಸು ಅದರ ಒಳಗಿನ ಲೆಕ್ಕಾಚಾರ ಹಿಡಿದುಬಿಟ್ಟಿದ್ದರು.

ಒಂದೊಂದೇ ಪಾಠದ ಹೆಸರಿನ ಮೇಲೆ ನಿಂತು ಆ ಚೌಕ ಒತ್ತುತ್ತ ಬಂದೆ. ಅಕ್ಕ ಪಕ್ಕದಲ್ಲಿ ಎಣಿಸುತ್ತಿದ್ದರು. ಪರಿವಿಡಿ ಕೇಳಿದಾಗ ಈ ಸಲ ಬಂತು, ಚುಕ್ಕಿಗಳೂ ತಾವೇ ಬಂದು ಬಲ ಅಂಚಿಗೆ ನೇರವಾಗಿ ನಿಂತವು. ಆದರೆ ಏಳನೇ ಪಾಠದ ಹೆಸರಿನ ಕೆಳಗೆ ಎಂಟು ಸಾಲಿನ ಒಂದು ಪ್ಯಾರಾ ಇಡಿಯಾಗಿ ಕೂತಿತ್ತು. ಅವಸರದಲ್ಲಿ ಅದಕ್ಕೂ ಹೆಡಿಂಗ್ ಒತ್ತಿದ್ದೆ.

"ಇಡೀ ಪ್ಯಾಂಟನ್ನ ಜೇಬಿನಾಗ ತುರುಕೀಯಲ್ಲ," ಎಂದು ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸರಿಮಾಡಿದೆ. ಆಮೇಲೆ ಅವರು ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿದರು, ಪ್ರತಿ ಸಲವೂ ಅಪ್‌ಡೇಟ್ ಒಂದನ್ನು ಒತ್ತಿದರೆ ಸಾಕಾಯಿತು, ಪುಟ ಸಂಖ್ಯೆಗಳು ತಾವೇ ಸರಿಹೋದವು.

ಸೋಮವಾರ ನಾನೂ ಜೊತೆಗೆ ಹೋದೆ. ಮೇಡಂ ಪುಸ್ತಕ ತೆರೆದು, ಜಿಪ್ ಕೂರಿಸುವುದು ಎಲ್ಲಿದೆ ಎಂದು ಪರಿವಿಡಿಯಲ್ಲಿ ಬೆರಳಿಟ್ಟು ಹುಡುಕಿದರು. ಇಪ್ಪತ್ತೊಂದು. ತಿರುವಿದರೆ ಅಲ್ಲೇ ಇತ್ತು. ಹಿಂದಿನ ಜೇಬು ಕೇಳಿದರು, ಅದೂ ಇತ್ತು. ಆಮೇಲೆ, ಒಗೆದರೆ ಜೀನ್ಸ್ ಕುಗ್ಗುತ್ತದಲ್ಲ, ಕತ್ತರಿಸುವಾಗ ಅದಕ್ಕೆ ಎಷ್ಟು ಬಿಡಬೇಕು ಎನ್ನುವುದು ಎಲ್ಲಿದೆ ಎಂದರು. ಪಟ್ಟಿಯ ಮೇಲಿಂದ ಕೆಳಗೆ ಅವರ ಬೆರಳು ಇಳಿಯಿತು. ಅದು ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಪುಟ ತಿರುವುತ್ತ ಹುಡುಕಿದ ಹಾಗೆ ಮಾಡುತ್ತಿದ್ದರು. ಅಕ್ಕ ನೇರವಾಗಿ, "ಬರ್ದಿಲ್ಲರಿ ಮೇಡಂ. ಕೈಗೆ ರೂಢಿ ಆಗಿದ್ದಕ್ಕ ಬರೆಯೋದು ಮರ್ತೀನ್ರಿ," ಎಂದರು. ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಹೇಳಿದರು. ಎಷ್ಟು ಬಿಡಬೇಕೆಂದು ಮೊದಲೇ ಗೊತ್ತಿರುವುದಿಲ್ಲ, ಪ್ರತಿ ಬಟ್ಟೆ ಥಾನಿನಿಂದ ಒಂದು ತುಂಡು ಒಗೆಸಿ, ಒಣಗಿಸಿ, ಅಳೆದು ನೋಡಬೇಕು ಎಂದು.

ಮೇಡಂ ಪರಿವಿಡಿಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. "ಇಲ್ಲ ಅನ್ನೋದು ಒಂದೇ ನಿಮಿಷಕ್ಕೆ ಗೊತ್ತಾಯ್ತು ನೋಡಿ. ನಂಗೆ ಬೇಕಾಗಿದ್ದ ಪುಸ್ತಕ ಇದೇ," ಎಂದರು. "ಅದನ್ನೂ ಸೇರಿಸ್ಕೊಂಡು ಬರ್ರಿ. ಗುರುವಾರದಿಂದ ಕ್ಲಾಸು ನಿಮ್ದೇ."

ಅಂಗಡಿಗೆ ಬಂದವರೇ ಕೂತೆವು. ಅಕ್ಕ ಹೇಳಿದರು, ನಾನು ಟೈಪು ಮಾಡಿದೆ. ಕುಗ್ಗುವ ಬಟ್ಟೆಯ ಪಾಠ ಕೊನೆಗಲ್ಲ, ಎರಡನೆಯದಾಗಿ ಬರಬೇಕು, ಅದು ಗೊತ್ತಿಲ್ಲದವರು ಕತ್ತರಿ ಮುಟ್ಟಬಾರದು ಎಂದರು. ಅಲ್ಲೇ ಕೂರಿಸಿ ಅಪ್‌ಡೇಟ್ ಒತ್ತಿದೆ. ಪರಿವಿಡಿ ಹದಿನೈದು ಸಾಲಾಯಿತು.