ಬೆಂಕಿ ಆರಿಸುವ ಗಾಳಿ ಕುಡಿದವರು

ಎಂಬತ್ತರ ದಶಕದಲ್ಲಿ ನವಲಗುಂದದ ಕಡೆಯ ಒಂದು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಫೋನಿನ ಬೋರ್ಡಿಗೆ ಬೆಂಕಿ ಹತ್ತಿದರೆ ನೀರು, ಮರಳು ಹಾಕುವಂತಿಲ್ಲ. ಬೆಂಕಿ ಸುಡದೆ ಬಿಟ್ಟಿದ್ದನ್ನು ಅವು ಕೆಡಿಸುತ್ತವೆ. ಅದಕ್ಕೆಂದೇ ಮೂಲೆಯಲ್ಲಿ ಕಾರ್ಬನ್ ಡೈಆಕ್ಸೈಡಿನ ಸಿಲಿಂಡರ್ ಇಟ್ಟಿದ್ದರು. ಬೆಂಕಿ ಆರಿಸಿ, ಒಂದು ಕಲೆಯನ್ನೂ ಉಳಿಸದೆ ಹೋಗುವ ಗಾಳಿ ಅದು.

ಅದೇ ಗಾಳಿಯಿಂದ ಸೋಡಾ ಆಗುತ್ತದೆಂದು ನಮ್ಮ ಸಾಹೇಬನಿಗೆ ಗೊತ್ತಿತ್ತು. ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಊರಿನ ದೊಡ್ಡವರನ್ನೆಲ್ಲ ಕರೆದು, ಸಿಲಿಂಡರನ್ನು ಗೋಲಿಸೋಡಾ ಅಂಗಡಿಗೆ ಕಳಿಸಿದ. ಖಾಲಿಯಾಗಿ ಬಂದ ಸಿಲಿಂಡರಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಭಕ್ತಿಯಿಂದ ಕೈಮುಗಿದ. ದೊಡ್ಡವರು ಸೋಡಾ ಕುಡಿದು ಡರ್ರನೆ ತೇಗಿದರು.

"ತುಂಬಿಸಿ ತರಸ್ರಿ ಸಾಹೇಬ್ರ," ಎಂದೆ.

"ಇಷ್ಟ್ ವರ್ಷದಾಗ ಎಂದರ ಬೆಂಕಿ ಹತ್ತೇತೇನವಾ? ಸುಮ್ನಿರು."

ದೀಪಾವಳಿಗೆ ಮುಂಚೆಯೇ ಹತ್ತಿತು. ಅಂದು ಸಂಜೆ ಊರಿನ ಬಡಿಗ ಕಾಕಾ ಬಂದಿದ್ದರು. ಹುಬ್ಬಳ್ಳಿ ದವಾಖಾನೆಯಲ್ಲಿ ಅವರ ಮಗಳಿಗೆ ಹೆರಿಗೆಯಾಗಿತ್ತು, ರಕ್ತ ನಿಂತಿರಲಿಲ್ಲ. ಅಳಿಯನ ಫೋನ್ ಕೂಡಿಸಿಕೊಟ್ಟೆ. "ಮಾವಾರ, ಲಗೂನ..." ಎನ್ನುವಷ್ಟರಲ್ಲಿ ಬೋರ್ಡಿನ ಹಿಂದೆ ಹೊಗೆ ಎದ್ದಿತು. ಸಾಹೇಬ ಸಿಲಿಂಡರ್ ಎಳೆದುತಂದು ತಿರುವಿದ. ಫುಸ್ ಎಂದು ಕೂಡ ಅನ್ನಲಿಲ್ಲ. ಗಾಬರಿಯಲ್ಲಿ ಕುಡಿಯುವ ನೀರಿನ ಕೊಡವನ್ನೇ ಬೋರ್ಡಿನ ಮೇಲೆ ಸುರುವಿದ. ಬೆಂಕಿ ಆರಿತು. ಊರಿನ ಫೋನುಗಳೆಲ್ಲ ಸತ್ತವು.

ಹುಬ್ಬಳ್ಳಿಯ ಕಡೇ ಬಸ್ಸು ಇನ್ನೂ ಸ್ಟ್ಯಾಂಡಿನಲ್ಲಿತ್ತು. "ಬಸ್ ಹಿಡೀರಿ ಕಾಕಾ," ಎಂದೆ.

"ಎಲ್ಲಿ ಹೊಂಟ್ರಿ? ಕುಂದರ್ರಿ, ಈಗ ಚಾಲೂ ಆಕ್ಕತಿ," ಎಂದ ಸಾಹೇಬ, ತನ್ನ ಮರ್ಯಾದೆ ಉಳಿಸಿಕೊಳ್ಳಲು. ಸರ್ಕಾರಿ ಮನುಷ್ಯನ ಮಾತೆಂದು ಕಾಕಾ ನಂಬಿ ಕುಳಿತರು. ನಾನು ಒಮ್ಮೆ ಅಲ್ಲ, ಹತ್ತು ಸಲ ಹೇಳಿದೆ. ಬಸ್ಸು ಹೋಯಿತು. ಬೆಳಗಿನ ಬಸ್ಸಿಗೆ ಅವರು ಹೋದರು.

ಹೊಸ ಬೋರ್ಡು ಬಂದು ಫೋನು ಶುರುವಾದ ದಿನ ಕಾಕಾ ಮತ್ತೆ ಬಂದರು. ತಾಂಬೂಲ ಜಗಿಯುತ್ತಿದ್ದ ಸಾಹೇಬ ಬಾಯ್ತುಂಬ ಕೇಳಿದ: "ಏನ್ ಕಾಕಾ, ಮಗಳು ಆರಾಮ ಅದಾಳಿಲ್ಲೋ?"

"ನಾ ಹೋಗೂದ್ರಾಗ ಮುಗದಿತ್ರಿ. ಆಕಿ ದಿವಸದ ಕಾರ್ಯಕ್ಕ ನೆಂಟರನ್ನ ಕರೀಬೇಕು. ಅಳ್ನಾವರಕ್ಕ ಒಂದ್ ಫೋನ್ ಹಚ್ಚಿಕೊಡ್ರಿ."

ಸಾಹೇಬ ಎಲೆ ಉಗುಳಲು ಹೊರಗೆ ಹೋದ.