ವರ್ನಾಳ ಸದ್ದಿಲ್ಲದ ಜನರೇಟರ್

ವರ್ನಾಳ ಗಂಟಲು ಸಾಮಾನ್ಯದ್ದಲ್ಲ. ಅಮೆರಿಕದ ಚಳಿನಾಡು ಉತ್ತರ ಡಕೋಟಾದ ಒಂದು ಶಾಲೆಯ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು ಅವಳು. ಪಾತ್ರೆಗಳ ಗದ್ದಲ, ಮಕ್ಕಳ ಗಲಾಟೆ, ಇವೆರಡರ ಮೇಲೆ ತನ್ನ ಮಾತು ಕೇಳಿಸಬೇಕೆಂದರೆ ಅರಚಲೇಬೇಕಿತ್ತು. ಕೆಲಸ ಬಿಟ್ಟಳು, ಗಂಟಲು ತಗ್ಗಲಿಲ್ಲ. ತಾನು ಪಿಸುಗುಟ್ಟುತ್ತಿದ್ದೇನೆ ಎಂದು ಅವಳಂದುಕೊಂಡಾಗಲೂ ಅಕ್ಕಪಕ್ಕದವರಿಗೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದನ್ನು ಅವಳ ಮುಖಕ್ಕೆ ಹೇಳುವ ಎದೆಗಾರಿಕೆ ಯಾರಿಗಿತ್ತು ಹೇಳಿ!

ಗಂಡ ಎಲ್ಡನ್ ಇದಕ್ಕೆ ಪೂರಾ ತದ್ವಿರುದ್ಧ, ಮೆತ್ತಗಿನ ಮನುಷ್ಯ. ಗೋಧಿ ತುಂಬಿಡುವ ದೊಡ್ಡ ಉಗ್ರಾಣದಲ್ಲಿ ದುಡಿದು, ಧೂಳು ಕುಡಿದೂ ಕುಡಿದೂ ಶ್ವಾಸಕೋಶ ಹಾಳುಮಾಡಿಕೊಂಡಿದ್ದ. ಒಣ ಹವೆಯಲ್ಲಿದ್ದರೆ ಒಂದಿಷ್ಟು ಕಾಲ ಎಳೆಯಬಹುದು ಎಂದರು ಡಾಕ್ಟರು. ಅಂದಿನಿಂದ ಚಳಿಗಾಲ ಬಂತೆಂದರೆ ಗಂಡ ಹೆಂಡತಿ ಪಿಕಪ್ಪಿನ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಅರಿಜೋನಾದ ಮರಳುಗಾಡಿಗೆ ಇಳಿದುಬಿಡುತ್ತಿದ್ದರು. ಹಿಮದಿಂದ ತಪ್ಪಿಸಿಕೊಂಡು ಬಂದ ಇಂಥ ಮುದುಕ ಮುದುಕಿಯರು ಅಲ್ಲಿ ಬೇಕಾದಷ್ಟು ಜನ. ಕರೆಂಟಿಲ್ಲ, ನಲ್ಲಿಯಿಲ್ಲ, ಬೇಲಿಯೂ ಇಲ್ಲ. ತಂತಮ್ಮ ಜಾಗದ ಸುತ್ತ ಒಬ್ಬೊಬ್ಬರೂ ಕಲ್ಲು ಜೋಡಿಸಿಟ್ಟಿರುತ್ತಾರೆ. ಮುಂದಿನ ಚಳಿಗಾಲಕ್ಕೆ ಬಂದಾಗ ಅದೇ ಕಲ್ಲುಗಳ ನಡುವೆ ಅದೇ ಟ್ರೇಲರ್ ನಿಲ್ಲಬೇಕು. ಸತ್ತವರ ಕಲ್ಲಿನ ಸುತ್ತಿನೊಳಗೆ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಹೀಗೆಂದು ಯಾರೂ ಬರೆದಿಟ್ಟಿಲ್ಲ, ಆದರೂ ನಿಲ್ಲಿಸುವುದಿಲ್ಲ.

ವರ್ನಾಳ ಟ್ರೇಲರಿನ ಹಿಂದೆಯೇ ಅಂಥದೊಂದು ಖಾಲಿ ಸುತ್ತು ಇತ್ತು. ಅದು ಥೆರನ್ ಮತ್ತು ಈಡಿತ್ ಎಂಬ ದಂಪತಿಗಳದು. ತಮ್ಮ ಜನರೇಟರಿನ ಸದ್ದಿನಿಂದ ನೆರೆಯವರಿಗೆ ತೊಂದರೆಯಾಗಬಾರದೆಂದು ಥೆರನ್ ಅದನ್ನು ಟ್ರೇಲರಿನ ಅಡಿಗೆ ತಳ್ಳಿ, ಸುತ್ತ ಹಲಗೆ ಬಡಿದು, ಮೇಲೆ ಕಂಬಳಿ ಹೊದಿಸಿದ್ದ. ಸದ್ದೇನೋ ಅಡಗಿತು. ಅದರ ವಿಷದ ಹೊಗೆ ನೆಲದ ಸಂದಿಯಿಂದ ಒಳಗೆ ಏರಿತು. ಮಧ್ಯಾಹ್ನ ಮಲಗಿದ ಇಬ್ಬರೂ ಏಳಲಿಲ್ಲ. ಎಂಥ ಸದ್ದಿಲ್ಲದ ಜನ ಎಂದು ಆ ದಿನವೆಲ್ಲ ನೆರೆಯವರು ಹೊಗಳಿಕೊಂಡೇ ಓಡಾಡಿದ್ದರು.

ವರ್ನಾಳ ಜನರೇಟರಿಗೆ ಅಂಥ ಹೊಗಳಿಕೆ ಸಿಗುವ ಸಂಭವವೇ ಇರಲಿಲ್ಲ. ಅದು ಗುಡುಗುತ್ತಿತ್ತು, ಕೆಮ್ಮುತ್ತಿತ್ತು, ನಿಂತಲ್ಲೇ ಕುಣಿಯುತ್ತಿತ್ತು. ಎಲ್ಡನ್‌ನ ಮೂಗಿಗೆ ನಳಿಗೆಯಲ್ಲಿ ಆಕ್ಸಿಜನ್ ಕೊಡುವ ಯಂತ್ರ ಹಗಲಿರುಳು ನಡೆಯಬೇಕು. ಚಾವಣಿಯ ಸೋಲಾರ್ ಹಲಗೆಗಳ ಕರೆಂಟು ಅದಕ್ಕೆ ಯಾವ ಮೂಲೆಗೂ ಸಾಲದು. ಹಾಗಾಗಿ ಮಧ್ಯಾಹ್ನದಿಂದ ಸಂಜೆಯವರೆಗೆ ಜನರೇಟರ್ ಹಚ್ಚಿ ಬ್ಯಾಟರಿ ತುಂಬಿಸಲೇಬೇಕು.

ಎದುರಿನ ಟ್ರೇಲರಿನ ರಾಯ್ಸ್ ಕಾಫಿ ಲೋಟ ಹಿಡಿದು ಬಂದು ನಿಲ್ಲುತ್ತಿದ್ದ. "ಏನ್ ವರ್ನಾ, ನಿಮ್ ಟ್ರಾಕ್ಟರು ಉಳೋದು ಇನ್ನೂ ಮುಗೀಲಿಲ್ವಾ? ಏನ್ ಬಿತ್ತನೆ ಈ ಸಲ, ಕಳ್ಳೀನಾ?"

"ನಿನ್ ನಾಲಿಗೆ ಬಿತ್ತೀನಿ ಬಾ," ಎನ್ನುತ್ತಿದ್ದಳು ವರ್ನಾ. "ಫಸಲು ಚೆನ್ನಾಗ್ ಬರುತ್ತೆ."

ಬಾಯಲ್ಲಿ ಹೀಗಂದರೂ ಅವಳಿಗೆ ಆ ಸದ್ದು ಬೇಕಿತ್ತು. ಯಾಕೆಂಬುದು ಅವಳೊಬ್ಬಳಿಗೇ ಗೊತ್ತು. ಎಲ್ಡನ್ ಮಧ್ಯಾಹ್ನ ಕಣ್ಣು ಮುಚ್ಚಿದ ಮೇಲೆ ಅವಳು ಮಡಚುವ ಕುರ್ಚಿಯನ್ನು ಜನರೇಟರಿನ ಪಕ್ಕ ಹಾಕಿಕೊಂಡು ಕೂರುತ್ತಿದ್ದಳು. ಕೂತು, ಅದರ ಅಬ್ಬರದೊಳಗೆ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದಳು. ಬೈಯುತ್ತಿದ್ದಳು, ಅಳುತ್ತಿದ್ದಳು, ದೇವರನ್ನೂ ಬಿಡುತ್ತಿರಲಿಲ್ಲ. ಗಂಡನ ಎದುರು ಮಾತ್ರ ಒಂದು ದಿನವಾದರೂ ಮುಖ ಸಣ್ಣದು ಮಾಡಿದವಳಲ್ಲ. ನಾನು ಇವಳಿಗೆ ಹೊರೆಯಾದೆ ಎಂಬ ಯೋಚನೆ ಅವನ ತಲೆಗೆ ಹೊಕ್ಕರೆ ಮುಗಿಯಿತು, ಈ ಮನುಷ್ಯ ಉಸಿರಾಡುವುದನ್ನೇ ಬಿಟ್ಟುಬಿಡುತ್ತಾನೆ ಎಂದು ಅವಳ ಹೆದರಿಕೆ. ಮೆತ್ತಗಿನವರ ಹಟ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಈ ಸಲ ರಾಯ್ಸ್‌ನ ಹೆಂಡತಿ ಗ್ಲೆಂಡಾ ತಾನೇ ಬಂದಳು. ಕೈಯಲ್ಲಿ ಜೋಳದ ರೊಟ್ಟಿಯ ತಟ್ಟೆ, ಮುಖದಲ್ಲಿ ಸಂಕೋಚ. "ತಪ್ಪು ತಿಳ್ಕೋಬೇಡ ಕಣೇ. ಎಲ್ರೂ ಮಾತಾಡ್ಕೋತಿದಾರೆ. ಇದೇ ಸದ್ದಾದ್ರೆ ನಿಮ್ಮನ್ನ ಆ ಗುಡ್ಡದ್ ಕಡೆ ಹೋಗಿ ಅನ್ನೋಣ ಅಂತ."

ಗುಡ್ಡದ ಕಡೆ ಎಂದರೆ ಕೂಗಿದರೆ ಓ ಅನ್ನುವವರಿಲ್ಲ. ಎಲ್ಡನ್‌ಗೆ ಏನಾದರೂ ಆದರೆ ಯಾರನ್ನು ಕರೆಯುವುದು? ವರ್ನಾ ರೊಟ್ಟಿಯ ತಟ್ಟೆ ತೆಗೆದುಕೊಂಡು, "ಆಯ್ತು ಬಿಡು, ಬೇರೆ ತರ್ತೀನಿ," ಎಂದಳು.

ಪೇಟೆಯ ಅಂಚಿನ ಡೇರೆಗಳಲ್ಲಿ ಚಳಿಗಾಲವಿಡೀ ಸಂತೆ ನಡೆಯುತ್ತದೆ. ಅಲ್ಲಿ ಡ್ವೇನ್ ಎಂಬವನು ಜನರೇಟರ್ ಮಾರುತ್ತಿದ್ದ. ಗಿರಾಕಿಗಳು ಬರಿಯ ಮಾತನ್ನು ನಂಬುವುದಿಲ್ಲವೆಂದು ಅವನೊಂದು ಪದ್ಧತಿ ಇಟ್ಟುಕೊಂಡಿದ್ದ. ಜನರೇಟರನ್ನು ಮರಳಲ್ಲಿಟ್ಟು ಹಚ್ಚುವುದು, ಬೆನ್ನು ಹಾಕಿ ನಡೆಯುತ್ತ ಹೋಗುವುದು, ಸದ್ದು ಕೇಳಿಸದಾದಾಗ ನಿಲ್ಲುವುದು. ಯಾವುದು ಬೇಗ ನಿಲ್ಲಿಸುತ್ತದೋ ಅದನ್ನು ಕೊಳ್ಳುವುದು.

ಮೊದಲನೆಯದು ಬರಿಯ ಕೊಳವೆಗಳ ಚೌಕಟ್ಟಿನಲ್ಲಿ ಕೂರಿಸಿದ್ದು. ಶಕ್ತಿ ಜಾಸ್ತಿ, ಸದ್ದೂ ಜಾಸ್ತಿ. ವರ್ನಾ ನಡೆದೂ ನಡೆದೂ ರಸ್ತೆ ಮುಟ್ಟಿದಳು, ಆಗಲೂ ಕೇಳಿಸುತ್ತಿತ್ತು. ಎರಡನೆಯದು ಮೆತ್ತಗಿತ್ತು, ಆದರೆ ಎತ್ತಲು ಹೋದರೆ ಸೊಂಟ ಕಟಕಟ ಎಂದಿತು. "ಇದನ್ನ ಎತ್ತೋಕೆ ಇನ್ನೊಬ್ಬ ಗಂಡನ್ನ ಕಟ್ಕೋಬೇಕಷ್ಟೆ," ಎಂದಳು. ಮೂರನೆಯದು ಪೆಟ್ಟಿಗೆಯಂಥದು, ಮೇಲೊಂದು ಹಿಡಿ. ಒಂಟಿ ಕೈಯಲ್ಲಿ ಎತ್ತಬಹುದಿತ್ತು. ಎಷ್ಟು ಕರೆಂಟು ಬೇಕೋ ಅಷ್ಟೇ ವೇಗದಲ್ಲಿ ಓಡುವಂಥದು.

"ಇದರ ಪಕ್ಕ ಕೂತು ಪ್ರಾರ್ಥನೆ ಮಾಡ್ಬಹುದು ಅಮ್ಮ, ಆಮೆನ್ ಅಂದಿದ್ದೂ ಕೇಳ್ಸುತ್ತೆ," ಎಂದ ಡ್ವೇನ್.

ವರ್ನಾ ಬೆನ್ನು ಹಾಕಿ ನಡೆದಳು. ನಾಲ್ಕು ಕುರುಚಲು ಗಿಡ ದಾಟುವಷ್ಟರಲ್ಲಿ ಸದ್ದು ಹೋಯಿತು. ಸದ್ದಿನ ಜೊತೆಗೆ ಉಳಿದದ್ದೆಲ್ಲವೂ ಹೋದಂತಾಯಿತು. ಗಾಳಿಯಿಲ್ಲ, ಹಕ್ಕಿಯಿಲ್ಲ. ಬಿಸಿಲು ಮಾತ್ರ ನೆತ್ತಿಯ ಮೇಲೆ. ಹಿಂದೆ ಡೇರೆಗಳೇ ಇಲ್ಲವೇನೋ, ಡ್ವೇನ್ ಇಲ್ಲವೇನೋ, ಜಗತ್ತಿನಲ್ಲಿ ತಾನೊಬ್ಬಳೇ ಏನೋ ಎನಿಸಿ ಅವಳ ಮೈ ಜುಮ್ಮೆಂದಿತು. ಸರಕ್ಕನೆ ತಿರುಗಿ ನೋಡಿದರೆ ಡ್ವೇನ್ ಹಲ್ಲು ಬಿಟ್ಟು ಕೈ ಬೀಸುತ್ತಿದ್ದ. ಹಳೆಯದನ್ನು ಅವನಿಗೇ ಒಪ್ಪಿಸಿ ಆ ಪೆಟ್ಟಿಗೆಯನ್ನು ತಂದಳು.

ಈಡಿತ್‌ಳ ಗತಿ ಅವಳಿಗೆ ಮರೆತಿರಲಿಲ್ಲ. ಟ್ರೇಲರಿನ ಹತ್ತಿರವೂ ಅದನ್ನು ಸುಳಿಯಗೊಡಲಿಲ್ಲ. ಉದ್ದದ ವಯರು ಎಳೆದು ಹಿಂದುಗಡೆ ಬಹಳ ದೂರಕ್ಕೆ, ಆ ಖಾಲಿ ಸುತ್ತಿನ ಕಲ್ಲುಗಳವರೆಗೆ ಒಯ್ದು, ಹೊಗೆ ಆಚೆಗೆ ಹೋಗುವಂತೆ ತಿರುಗಿಸಿ ಇಟ್ಟಳು. ಪಕ್ಕದಲ್ಲಿ ಎಂದಿನಂತೆ ಕುರ್ಚಿ ಹಾಕಿದಳು. ಎಲ್ಡನ್ ಮಲಗಿದ ಮೇಲೆ ಎಂದಿನಂತೆ ಬಂದು ಕೂತಳು. ಎಂದಿನಂತೆ ಬಾಯಿ ಬಿಟ್ಟಳು. ಪಾಪ, ಅಭ್ಯಾಸ. ಸದ್ದು ಹೋಗಿದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳಿಗೆ ತನ್ನ ಮರೆಯೂ ಹೋಗಿದೆ ಎಂಬುದು ಹೊಳೆಯಲೇ ಇಲ್ಲ. ಮಾತು ತಗ್ಗಿಸಿದ್ದೇನೆ ಎಂದುಕೊಂಡಿದ್ದಳು. ಅವಳು ತಗ್ಗಿಸಿದ ಮಾತು ಎಂಥದೆಂದು ಮೊದಲೇ ಹೇಳಿದ್ದೇನಲ್ಲ.

ಆ ಸಂಜೆ ಸೂಪು ಕುಡಿಸುವಾಗ ಎಲ್ಡನ್ ಕೇಳಿದ, "ಹಿಂದ್ಗಡೆ ಯಾರಾದ್ರೂ ಬಂದಿದಾರಾ?"

"ಯಾರೂ ಇಲ್ವಲ್ಲ, ಯಾಕೆ?"

"ಮಾತಾಡೋದು ಕೇಳುಸ್ತು. ಥೆರನ್ ಜಾಗದಿಂದ. ಗಂಡ ಹೆಂಡ್ತಿ ಇರ್ಬೇಕು. ಆ ಹೆಂಗ್ಸು ಅಳ್ತಿದ್ಲು."

ವರ್ನಾಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಉಸಿರು ಕಡಿಮೆಯಾದರೆ ಇಲ್ಲದ್ದೆಲ್ಲ ಕೇಳಿಸುತ್ತದಂತೆ. ಹೊಗೆ ಒಳಗೆ ಬಂದರೂ ಹಾಗೇ ಅಂತೆ. ಥಟ್ಟನೆ ಅವನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿ ನೋಡಿದಳು. ಸರಿಯಾಗಿತ್ತು. ಗೋಡೆಯ ಮೇಲಿನ ವಿಷದ ಹೊಗೆಯ ಅಲಾರಂ ಒತ್ತಿ ನೋಡಿದಳು, ಅದೂ ಕಿರುಚಿಕೊಂಡಿತು. ಎಲ್ಲ ಸರಿಯಿತ್ತು. ಸರಿಯಿದ್ದದ್ದಕ್ಕೇ ಅವಳಿಗೆ ಹೆಚ್ಚು ದಿಗಿಲಾಯಿತು.

ಕತ್ತಲಾಗುವ ಮುಂಚೆ ಹಿಂದಕ್ಕೆ ಹೋಗಿ ನೋಡಿದಳು. ಕಲ್ಲಿನ ಸುತ್ತಿನೊಳಗೆ ಚಕ್ರದ ಗುರುತಿಲ್ಲ, ಹೆಜ್ಜೆಯ ಗುರುತಿಲ್ಲ. ಗ್ಲೆಂಡಾಳ ಕಿವಿಗೆ ಈ ಸುದ್ದಿ ಹಾಕಿದಳು. ಹಾಕಬಾರದಿತ್ತು.

"ಅಯ್ಯೋ ದೇವ್ರೇ, ಈಡಿತ್!" ಎಂದು ಗ್ಲೆಂಡಾ ಎದೆ ಮುಟ್ಟಿಕೊಂಡಳು. "ನಿಮ್ ಹಳೇ ಜನರೇಟರ್ ಗಲಾಟೇಲಿ ಕೇಳುಸ್ತಿರ್ಲಿಲ್ಲ ಅಷ್ಟೇ. ಅವ್ರು ಹೋಗೇ ಇಲ್ಲ ಕಣೇ, ಇಲ್ಲೇ ಇದಾರೆ!"

"ಹೋಗೇ, ಸತ್ತೋರಿಗೆ ಇಲ್ಲಿ ಏನ್ ಕೆಲಸ? ಪಿಂಚಣಿ ಬರುತ್ತಾ?" ಎಂದು ವರ್ನಾ ಬಾಯಿ ಮುಚ್ಚಿಸಿದಳು. ಗ್ಲೆಂಡಾ ನಗಲಿಲ್ಲ. ಮಾರನೆಯ ಬೆಳಿಗ್ಗೆಯೇ ಗಂಡನನ್ನು ಎಳೆದುಕೊಂಡು ಫೀನಿಕ್ಸಿನ ಮಗಳ ಮನೆಗೆ ಹೊರಟುಬಿಟ್ಟಳು. ರಾಯ್ಸ್ ಪಿಕಪ್ಪಿನಿಂದ ಕತ್ತು ಹೊರಹಾಕಿ, "ಟ್ರಾಕ್ಟರೇ ವಾಸಿ ಇತ್ತು ವರ್ನಾ," ಎಂದು ಕೂಗಿದ. ಹತ್ತಿರದಲ್ಲಿದ್ದ ಟ್ರೇಲರ್ ಅವರದೊಂದೇ, ಉಳಿದವರದೆಲ್ಲ ದೂರ. ಧೂಳು ಅಡಗಿದ ಮೇಲೆ ಸುತ್ತಮುತ್ತ ನರಪಿಳ್ಳೆಯಿರಲಿಲ್ಲ.

ಅವತ್ತು ಮಧ್ಯಾಹ್ನ ಜನರೇಟರ್ ಹಚ್ಚಿದಾಗ ವರ್ನಾಗೆ ಕುರ್ಚಿಯಲ್ಲಿ ಕೂರಲು ಭಯವಾಯಿತು. ಭಯಕ್ಕೆ ಅವಳ ಮದ್ದು ಒಂದೇ, ಬೈಗುಳ. ಕೂತಳು. ಖಾಲಿ ಸುತ್ತಿಗೆ ಬೆನ್ನು ಮಾಡಿ ಕೂತು ಈಡಿತ್‌ಳನ್ನೂ ಸೇರಿಸಿ ಬೈದಳು. ಆಮೇಲೆ ಮಾತು ತಾನಾಗಿಯೇ ತನ್ನ ಹಳೆಯ ದಾರಿ ಹಿಡಿಯಿತು. ಮೈ ಹಗುರಾದ ಮೇಲೆ ಎದ್ದು ಒಳಗೆ ಹೋದಳು.

ಎಲ್ಡನ್ ಎಚ್ಚರವಾಗಿದ್ದ. ಚಾವಣಿ ನೋಡುತ್ತ ಮಲಗಿದ್ದ. "ಇವತ್ತೂ ಬಂದಿದ್ರು," ಎಂದ.

ವರ್ನಾ ಹಾಸಿಗೆಯ ಅಂಚು ಹಿಡಿದುಕೊಂಡಳು. "ಏನಂತೆ?"

"ಆ ಹೆಂಗ್ಸಿಗೆ ಪಾಪ ಬಹಳ ಸುಸ್ತಾಗಿದೆ. 'ಇವನ ಉಸಿರು ಕಾದು ಕಾದು ನನ್ ಉಸಿರೇ ನಿಂತೋಗಿದೆ. ಒಂದಿನ ಪಿಕಪ್ ಹತ್ಕೊಂಡು, ಹಿಂದಕ್ಕೆ ನೋಡ್ದೆ ಹೋಗ್ಬಿಡ್ತೀನಿ' ಅಂತಿದ್ಲು."

ವರ್ನಾಗೆ ಒಮ್ಮೆಲೇ ಮುಖಕ್ಕೆ ರಕ್ತ ನುಗ್ಗಿತು. ಅಕ್ಷರ ಅಕ್ಷರವೂ ಅವಳ ಮಾತು. ಈಗಷ್ಟೇ ಆ ಕುರ್ಚಿಯಲ್ಲಿ ಕೂತು ಆಡಿದ ಮಾತು. ಈಡಿತೂ ಇಲ್ಲ, ಭೂತವೂ ಇಲ್ಲ, ತನ್ನದೇ ಹಾಳು ಗಂಟಲು. ಹೆದರಿಕೆ ಹೋಗಿ ಅದರ ಜಾಗಕ್ಕೆ ಬಂದ ನಾಚಿಕೆಯನ್ನು ಅವಳಿಂದ ತಡೆಯಲಾಗಲಿಲ್ಲ. ಇಷ್ಟು ವರ್ಷ ಬಚ್ಚಿಟ್ಟದ್ದು ಎರಡೇ ಮಧ್ಯಾಹ್ನದಲ್ಲಿ ಅವನ ಹಾಸಿಗೆಗೇ ಹೋಗಿ ಬಿದ್ದಿತ್ತು. ಈ ಸದ್ದಿಲ್ಲದ ಶನಿಯನ್ನು ತಾನೇ ಆರಿಸಿ, ಹೊತ್ತು ತಂದಿದ್ದಳಲ್ಲ!

"ಎಲ್ಡನ್," ಎಂದಳು.

"ನಿನ್ನೆ ಗೊತ್ತಾಗ್ಲಿಲ್ಲ," ಎಂದ ಅವನು, ಉಸಿರು ಎಳೆದುಕೊಳ್ಳುತ್ತ. "ಇವತ್ತು ದೇವರನ್ನ ಕೊಳೆತ ಆಲೂಗಡ್ಡೆ ಅಂದ್ಲು ನೋಡು, ಆಗ ಗೊತ್ತಾಯ್ತು. ಆ ಬೈಗುಳ ಬೇರೆ ಯಾರಿಗೂ ಬರಲ್ಲ."

ಅವಳು ನಕ್ಕಳು, ನಗುತ್ತಲೇ ಅತ್ತಳು. ಎಲ್ಡನ್ ಅವಳ ತಲೆಯ ಮೇಲೆ ಕೈಯಿಟ್ಟ. ಆ ಕೈಯಲ್ಲಿ ತೂಕವೇ ಇರಲಿಲ್ಲ.

"ಆ ಕುರ್ಚಿ ಒಳಗ್ ತಂದ್ ಹಾಕ್ಕೋ ಮಾರಾಯ್ತಿ," ಎಂದ. "ನನ್ ಪಕ್ದಲ್ಲೇ ಕೂತ್ಕೊಂಡು ಬೈ. ಅಷ್ಟ್ ದೂರ ಹೋಗಿ ಯಾಕ್ ಒಬ್ಳೇ ಅಳ್ತೀಯ? ಇನ್ಮೇಲೆ ನಂಗೆ ಏನೂ ಮುಚ್ಚಿಡ್ಬೇಡ."

"ಇಲ್ಲ, ಏನೂ ಮುಚ್ಚಿಡಲ್ಲ," ಎಂದಳು ವರ್ನಾ. ಎಷ್ಟೋ ವರ್ಷದ ಮೇಲೆ ಎದೆ ತುಂಬ ಉಸಿರು ಬಂತು. ಕಣ್ಣೊರೆಸಿಕೊಂಡು ಕುರ್ಚಿ ತರಲು ಎದ್ದಳು. ಬಾಗಿಲ ಹತ್ತಿರ ಹೋದವಳು ನಗುತ್ತ ತಿರುಗಿದಳು. "ಅಲ್ಲಾ, ನಿನ್ನೆ ಗಂಡ ಹೆಂಡ್ತಿ ಅಂದ್ಯಲ್ಲ ಮಾರಾಯ. ನಾನು ಒಬ್ಳೇ ಹತ್ತು ಜನರಷ್ಟು ಅರಚ್ತೀನಿ ಅಂತಾನಾ?"

"ಇಲ್ಲ ಇಲ್ಲ, ಗಂಡ್ಸಿನ ಮಾತೂ ಕೇಳುಸ್ತು," ಎಂದ ಎಲ್ಡನ್. "ನೀನು ಒಂದ್ ಮಾತು ಅಂದ್ರೆ ಅವನೊಂದು ಮಾತು. ಸಮಾಧಾನ ಮಾಡ್ತಿದ್ದ ನಿನ್ನ. ಒಳ್ಳೆ ನಯವಾದ ಮಾತು."

ವರ್ನಾಳ ಕೈ ಬಾಗಿಲ ಚಿಲಕದ ಮೇಲೇ ಇತ್ತು. "ಏನಂದ?"

"'ಇನ್ನೇನ್ ಜಾಸ್ತಿ ದಿನ ಇಲ್ಲ, ಸ್ವಲ್ಪ ತಾಳ್ಕೋ' ಅಂದ." ಎಲ್ಡನ್ ಕಣ್ಣು ಮುಚ್ಚಿಕೊಂಡ. ಮಾತಾಡಿ ಸುಸ್ತಾಗಿದ್ದ. "ಯಾರದು, ರಾಯ್ಸಾ?"

ಕಿಟಕಿಯಾಚೆ ರಾಯ್ಸ್‌ನ ಪಿಕಪ್ ನಿಲ್ಲುತ್ತಿದ್ದ ಜಾಗ ಖಾಲಿಯಾಗಿತ್ತು. ಹಿಂದುಗಡೆ ಆ ಜನರೇಟರ್ ಓಡುತ್ತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಅವಳು ಚಿಲಕ ಬಿಟ್ಟು ಹಿಂದಿರುಗಿ ಬಂದು, ಅವನ ಹಾಸಿಗೆಯ ಮೇಲೇ ಕೂತು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೂಂ," ಎಂದಳು. "ರಾಯ್ಸೇ."